ಅವಧಿ ಮುಗಿದ ಕೂಡಲೇ ರೆಡಿಸ್ ಸೂಚನೆ ಕೊಡುತ್ತದೆಯೇ?

ಟಿಕೆಟ್ ಬುಕಿಂಗ್ ತಂತ್ರಾಂಶದಲ್ಲಿ ಸುಲಭವಾಗಿ ಕಾಣುವ ದಾರಿಯೊಂದಿದೆ. ಗ್ರಾಹಕ ಆರಿಸಿದ ಸೀಟನ್ನು 10 ನಿಮಿಷಗಳ ಅವಧಿಯ ಕೀ ಆಗಿ, ದತ್ತಾಂಶವನ್ನು ಮೆಮೊರಿಯಲ್ಲೇ ಇಡುವ ರೆಡಿಸ್‌ನಲ್ಲಿ ಇಡುವುದು, ಅವಧಿ ಮುಗಿದ ಸೂಚನೆ ಬಂದಾಗ ಸೀಟನ್ನು ಬಿಟ್ಟುಕೊಡುವುದು. ಹತ್ತನೇ ನಿಮಿಷ ಕಳೆದ ಕ್ಷಣಕ್ಕೇ ಸೂಚನೆ ಬಂದೇ ಬರುತ್ತದೆ ಎಂಬ ನಂಬಿಕೆ ಇದರ ಬುಡದಲ್ಲಿದೆ.

ಆ ನಂಬಿಕೆ ತಪ್ಪು.

ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ರೆಡಿಸ್, ಪ್ರತಿ ಕೀಗೂ ಒಂದೊಂದು ಟೈಮರ್ ಓಡಿಸುವುದಿಲ್ಲ. ಅವಧಿ ಮೀರಿದ ಕೀ ಅಳಿಯುವುದು ಯಾರಾದರೂ ಅದನ್ನು ಕೇಳಿದಾಗ, ಇಲ್ಲವೇ ಹಿನ್ನೆಲೆಯ ತಪಾಸಣೆಗೆ ಅದು ಸಿಕ್ಕಾಗ. ಈ ತಪಾಸಣೆ ಸಾಮಾನ್ಯವಾಗಿ ಸೆಕೆಂಡಿಗೆ 10 ಬಾರಿ ನಡೆದರೂ ಪ್ರತಿ ಸಲ ನೋಡುವುದು ಕೆಲವೇ ಕೀಗಳನ್ನು. ಅವಧಿ ಸೊನ್ನೆಗೆ ಇಳಿದರೂ ಕೀ ನಿಜಕ್ಕೂ ಅಳಿಯುವವರೆಗೆ ‘ಎಕ್ಸ್‌ಪೈರ್ಡ್’ ಸೂಚನೆ ಹೊರಡುವುದಿಲ್ಲ. ಅವಧಿಯುಳ್ಳ ಕೀಗಳು ಲಕ್ಷಗಟ್ಟಲೆ ಇದ್ದು, ಒಂದು ಕೀಯನ್ನು ಯಾರೂ ಕೇಳದೇ ಹೋದರೆ, ಅದರ ಸೂಚನೆ ಬಹಳ ತಡವಾಗಬಹುದು. ವೇಗ ಉಳಿಸಿಕೊಳ್ಳಲು ತಿಳಿದೇ ಮಾಡಿದ ಆಯ್ಕೆಯಿದು. ಡಾಟ್‌ನೆಟ್‌ನ ಮೆಮೊರಿ ಕ್ಯಾಶ್ ಕೂಡ ತನ್ನನ್ನು ಯಾರಾದರೂ ಬಳಸಿದಾಗಲೇ ಹಳತನ್ನು ಹುಡುಕಲು ಏಳುತ್ತದೆ.

ಹಾಗಾಗಿ ಸೀಟಿನ ಗಡುವನ್ನು ಡೇಟಾಬೇಸ್‌ನಲ್ಲಿ ಬರೆದಿಟ್ಟು, ಮುಂದಿನ ಗ್ರಾಹಕ ಕೇಳಿದಾಗ ಹೊತ್ತು ನೋಡಿ ತೀರ್ಮಾನಿಸುವುದೇ ಸರಿ. ಸೂಚನೆಯನ್ನು ಪರದೆ ಬೇಗ ಬದಲಿಸಲು ಬಳಸಿಕೊಂಡರೆ ಸಾಕು.

ಸೂಚನೆ ತಡವಾದರೂ ಕಳೆದುಹೋಗುವುದಿಲ್ಲ ಎಂಬುದು ಇನ್ನೂ ಅಪಾಯದ ನಂಬಿಕೆ. ರೆಡಿಸ್‌ನ 2.8ನೇ ಆವೃತ್ತಿಯಲ್ಲಿ ಬಂದ ಈ ಸೂಚನಾ ಸೌಲಭ್ಯ ಪಬ್‌ಸಬ್ ಎಂಬ ಪ್ರಸಾರ ವಿಧಾನದ ಮೂಲಕ ನಡೆಯುತ್ತದೆ. ಊರಲ್ಲಿ ಡಂಗುರ ಸಾರಿದ ಹಾಗೆ, ಆ ಹೊತ್ತಿಗೆ ಇದ್ದವರಿಗೆ ಕೇಳಿಸಿತು, ಇಲ್ಲದವರಿಗೆ ಇಲ್ಲ. ಕೇಳುವ ಪ್ರೋಗ್ರಾಮ್‌ನ ಸಂಪರ್ಕ ಎರಡೇ ಸೆಕೆಂಡು ಕಡಿದರೂ ಅಷ್ಟರಲ್ಲಿ ಬಂದವೆಲ್ಲ ಹೋದವು. ಹಲವು ಸರ್ವರ್‌ಗಳ ಕ್ಲಸ್ಟರ್‌ನಲ್ಲಿ ಪ್ರತಿ ನೋಡ್ ತನ್ನ ಕೀಗಳ ಸುದ್ದಿಯನ್ನಷ್ಟೇ ಹೇಳುತ್ತದೆ. ಕೀಯ ಮೌಲ್ಯ ಬದಲಾದಾಗ ಬರುವ ಸೂಚನೆಯಲ್ಲೂ ಹೊಸ ಮೌಲ್ಯ ಇರುವುದಿಲ್ಲ. ಇಡೀ ಸೌಲಭ್ಯವೇ ಮೊದಲಿಗೆ ಆಫ್ ಆಗಿರುತ್ತದೆ.

‘ಮಾನಿಟರ್’ ಆಜ್ಞೆ ಹಾಕಿಬಿಟ್ಟರೆ ಎಲ್ಲವೂ ಕಾಣುತ್ತದಲ್ಲ ಎನ್ನುವವರಿದ್ದಾರೆ. ಸರ್ವರ್‌ಗೆ ಬರುವ ಬಹುತೇಕ ಆಜ್ಞೆಗಳು ಕಾಣುತ್ತವೆ, ನಿಜ. ಆದರೆ ಅಂಥ ಒಂದೇ ಕ್ಲೈಂಟ್ ಸರ್ವರ್‌ನ ಸಾಮರ್ಥ್ಯವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಬಲ್ಲದು ಎಂದು ರೆಡಿಸ್ ದಾಖಲೆಯೇ ಎಚ್ಚರಿಸುತ್ತದೆ. ದೋಷ ಹುಡುಕುವಾಗ ಬಳಸಬೇಕಾದ್ದನ್ನು ಸದಾ ಓಡಿಸಬಾರದು.

ಫೇಸ್‌ಬುಕ್ ಎಂಜಿನಿಯರ್‌ಗಳು 2013ರ ಪ್ರಬಂಧದಲ್ಲಿ ವಿವರಿಸಿದ ಮಾರ್ಗ ಬೇರೆ. ಮೆಮ್‌ಕ್ಯಾಶ್ ಎಂಬ ಅವರ ಕ್ಯಾಶ್ ವ್ಯವಸ್ಥೆಯಲ್ಲಿ ಬದಲಾವಣೆಯ ಸುದ್ದಿ ಹುಟ್ಟುತ್ತಿದ್ದುದು ಕ್ಯಾಶ್‌ನ ಆಚೆ: ಮೈಎಸ್‌ಕ್ಯುಎಲ್‌ನಲ್ಲಿ ದಾಖಲಾದ ಬದಲಾವಣೆಗಳನ್ನು ‘ಎಂಸಿಸ್ಕ್ವೀಲ್’ ಎಂಬ ಪ್ರೋಗ್ರಾಮ್ ಓದಿ, ಯಾವ ಕೀ ಅಳಿಸಬೇಕೆಂದು ಕ್ಯಾಶ್ ಸರ್ವರ್‌ಗಳಿಗೆ ತಿಳಿಸುತ್ತಿತ್ತು. ಸಂದೇಶ ದಾರಿಯಲ್ಲಿ ಕಳೆದರೂ ಅದೇ ದಾಖಲೆಯಿಂದ ಮತ್ತೆ ಕಳಿಸಬಹುದಿತ್ತು.