ನಕ್ಷತ್ರ ಸಂಕ್ರಮ ಮತ್ತು ಅನ್ಯಗ್ರಹಗಳ ಪರಿಮಾಣ

2012ರ ಜೂನ್ 6ರಂದು ಶುಕ್ರಗ್ರಹವು ಚಿಕ್ಕ ಕರಿಯ ಬೊಟ್ಟಿನಂತೆ ಸೂರ್ಯಬಿಂಬವನ್ನು ದಾಟಿಹೋದುದನ್ನು ನಮ್ಮ ದೇಶದಲ್ಲಿ ಅನೇಕರು ನೋಡಿದರು. ಇದಕ್ಕೆ ಸಂಕ್ರಮವೆಂದು ಹೆಸರು. ಇತರ ನಕ್ಷತ್ರಗಳ ಮುಂದೆಯೂ ಅವುಗಳ ಗ್ರಹಗಳು ಹೀಗೆಯೇ ಹಾದುಹೋಗುವುದುಂಟು. ಆದರೆ ಆ ನಕ್ಷತ್ರಗಳು ನಮಗೆ ಕೇವಲ ಬಿಂದುಗಳಾಗಿ ತೋರುವುದರಿಂದ ಬೊಟ್ಟು ಕಾಣಿಸದು. ಗ್ರಹವು ಮರೆಮಾಡಿದಷ್ಟು ಬೆಳಕು ಮಾತ್ರ ಕಡಮೆಯಾಗುತ್ತದೆ. ಈ ಇಳಿತವನ್ನು ಅಳೆಯುವುದೇ ಸಂಕ್ರಮ ವಿಧಾನ.

ಇಳಿತದ ಪ್ರಮಾಣವು ಗ್ರಹಬಿಂಬ ಮತ್ತು ನಕ್ಷತ್ರಬಿಂಬಗಳ ವಿಸ್ತೀರ್ಣಗಳ ನಿಷ್ಪತ್ತಿಗೆ ಸುಮಾರಾಗಿ ಸಮ. ಗುರುವಿನ ತ್ರಿಜ್ಯವು ಸೂರ್ಯನ ತ್ರಿಜ್ಯದ ಹತ್ತರಲ್ಲೊಂದು ಪಾಲಾದುದರಿಂದ ಅದು ಸೂರ್ಯನ ಬೆಳಕನ್ನು ನೂರರಲ್ಲೊಂದು ಪಾಲಿನಷ್ಟು ತಗ್ಗಿಸಬಲ್ಲುದು. ಭೂಮಿಯಾದರೋ ಸುಮಾರು 12,000ದಲ್ಲಿ ಒಂದು ಪಾಲಿನಷ್ಟು ಮಾತ್ರ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಅಳತೆಯಿಂದ ದೊರೆಯುವುದು ಗ್ರಹದ ತ್ರಿಜ್ಯವಲ್ಲ, ಎರಡು ತ್ರಿಜ್ಯಗಳ ನಿಷ್ಪತ್ತಿ. ನಕ್ಷತ್ರದ ಗಾತ್ರ ತಿಳಿಯದೆ ಗ್ರಹದ ಗಾತ್ರ ತಿಳಿಯದು.

ಮಹಾಶ್ವ ರಾಶಿಯ ಎಚ್.ಡಿ. 209458 ಎಂಬ ನಕ್ಷತ್ರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದಕ್ಕೊಂದು ಗ್ರಹವಿರುವುದು ವರ್ಣಪಟಲದ ರೇಖೆಗಳ ಓಲಾಟದಿಂದ ಮೊದಲೇ ತಿಳಿದಿತ್ತು. 1999ರಲ್ಲಿ ಶಾರ್ಬೊನೊ ಮತ್ತು ಬ್ರೌನ್ ಎಂಬವರು ಕೇವಲ 10 ಸೆಂಟಿಮೀಟರ್ ದ್ವಾರದ ದೂರದರ್ಶಕದಿಂದ ಅದರ ಸಂಕ್ರಮವನ್ನು ಗುರುತಿಸಿದರು. ಹೆನ್ರಿ ಮತ್ತು ಸಂಗಡಿಗರೂ ಅದೇ ವರ್ಷ ಸ್ವತಂತ್ರವಾಗಿ ಕಂಡರು. ಮೂರೂವರೆ ದಿನಗಳಿಗೊಮ್ಮೆ ಸುಮಾರು ಮೂರು ಗಂಟೆಗಳ ಕಾಲ ನಕ್ಷತ್ರದ ಬೆಳಕು ನೂರಕ್ಕೆ ಒಂದೂವರೆಯಷ್ಟು ಇಳಿಯುತ್ತದೆ. ನಕ್ಷತ್ರವು ಸೂರ್ಯನ 1.1ರಷ್ಟಿದೆಯೆಂದು ಎಣಿಸಿ ಶಾರ್ಬೊನೊ ತಂಡದವರು ಗ್ರಹದ ತ್ರಿಜ್ಯವು ಗುರುವಿನ 1.27ರಷ್ಟೆಂದರು. ನಕ್ಷತ್ರದ ತ್ರಿಜ್ಯ 1.2ರ ಸಮೀಪದಲ್ಲಿದೆಯೆಂದು ಮುಂದೆ ತಿಳಿದಾಗ ಗ್ರಹವೂ ಸುಮಾರು 1.38ಕ್ಕೆ ಏರಿತು. ಘನಫಲವು ತ್ರಿಜ್ಯದ ಘನದಂತೆ ಬೆಳೆಯುವುದರಿಂದ ಅದು ಕಾಲುಭಾಗಕ್ಕಿಂತ ಹೆಚ್ಚಿತು. ಗ್ರಹದ ಸಾಂದ್ರತೆಯು ನೀರಿನ ಮೂರರಲ್ಲೊಂದು ಪಾಲಿಗೆ ಇಳಿಯಿತು. ಇಷ್ಟೇ ತಪ್ಪು ಚಿಕ್ಕ ಗ್ರಹವೊಂದರಲ್ಲಿ ನುಸುಳಿದರೆ, ಅದು ಬಂಡೆಯದೋ ಅನಿಲದ ದಪ್ಪ ಹೊದಿಕೆಯುಳ್ಳದ್ದೋ ಎಂಬ ತೀರ್ಮಾನವೇ ತಲೆಕೆಳಗಾಗಬಹುದು.

ವಾಯುಮಂಡಲದ ವಿಷಯವೂ ಹೀಗೆಯೇ. ಹಬಲ್ ದೂರದರ್ಶಕದ ವೀಕ್ಷಣೆಗಳಿಂದ ಈ ಗ್ರಹದಲ್ಲಿ ಸೋಡಿಯಂ ಇದೆಯೆಂದು 2002ರಲ್ಲಿ ಪ್ರಕಟವಾಯಿತು. ಅನ್ಯಗ್ರಹವೊಂದರ ವಾಯುಮಂಡಲವನ್ನು ಕಂಡದ್ದು ಅದೇ ಮೊದಲು. ಆದರೆ ನೆಲದ ಮೇಲಿನ ದೂರದರ್ಶಕಗಳ ಸೂಕ್ಷ್ಮ ವರ್ಣಪಟಲಗಳಲ್ಲಿ ತೋರುವ ಸೋಡಿಯಂ ಚಿಹ್ನೆಯನ್ನು ನಕ್ಷತ್ರದ ಆವರ್ತನೆಯಿಂದಲೂ, ಅದರ ಬಿಂಬದ ನಡುವಿಗೂ ಅಂಚಿಗೂ ಇರುವ ವ್ಯತ್ಯಾಸದಿಂದಲೂ ವಿವರಿಸಬಹುದೆಂದು 2020ರಲ್ಲಿ ಕಸಸಾಯಾಸ್–ಬಾರಿಸ್ ಮತ್ತು ಸಂಗಡಿಗರು ತೋರಿಸಿದರು.

ಆದರೂ ಈ ಅವಲಂಬನೆ ಏಕಮುಖವಾದುದಲ್ಲ. ಸಂಕ್ರಮದ ಅವಧಿ ಮತ್ತು ಬೆಳಕಿನ ರೇಖೆಯ ಆಕಾರಗಳಿಂದ, ಗ್ರಹದ ಕಕ್ಷೆ ವೃತ್ತಾಕಾರವಾಗಿದ್ದಲ್ಲಿ, ನಕ್ಷತ್ರದ ಸರಾಸರಿ ಸಾಂದ್ರತೆಯನ್ನು ಲೆಕ್ಕಹಾಕಬಹುದು. ಹೀಗೆ ನಕ್ಷತ್ರದಿಂದ ಗ್ರಹವೂ ಗ್ರಹದಿಂದ ನಕ್ಷತ್ರವೂ ತಿಳಿಯಬರುತ್ತವೆ. ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಯು ಗ್ರಹಗಳ ಆಸೆಯಿಂದ ಬಂದರೂ ಮೊದಲು ಕಲಿಯಬೇಕಾದುದು ನಕ್ಷತ್ರಗಳ ಭೌತಶಾಸ್ತ್ರವನ್ನೇ.