ಅವ್ವನ ಲೆಕ್ಕದ ಪುಸ್ತಕ

ಮರಣ ನೋಂದಣಿಯ ನಮೂನೆಯಲ್ಲಿ ‘ಮೃತರ ಉದ್ಯೋಗ’ ಎಂಬ ಕಾಲಂ ಒಂದಿದೆ. ಉದ್ಯೋಗವಿಲ್ಲದಿದ್ದರೆ ‘ಇಲ್ಲ’ ಎಂದು ಬರೆಯಬೇಕೆಂಬ ಸೂಚನೆಯೂ ಅಲ್ಲಿಯೇ ಇದೆ. ಅವ್ವ ತೀರಿಕೊಂಡ ಐದನೆಯ ದಿನ ನಾನು ಆ ಹಾಳೆಯನ್ನು ಹಿಡಿದು ಕುಳಿತಿದ್ದಾಗ ಪಕ್ಕದಲ್ಲಿದ್ದ ಕಾಕಾ, ‘ಇಲ್ಲ ಅಂತ ಬರಿಯವಾ, ವೈನಿ ಮನ್ಯಾಗೇ ಇದ್ರಲ್ಲ’ ಎಂದರು. ಅವರ ಮಾತಿನಲ್ಲಿ ತಾತ್ಸಾರವಿರಲಿಲ್ಲ. ಅವ್ವ ಮನೆಯಲ್ಲಿಯೇ ಇದ್ದಳೆಂಬುದೂ ಸುಳ್ಳಲ್ಲ. ಆದರೆ ಆ ಮನೆಯ ಪಡಸಾಲೆಯಲ್ಲಿ ಮೂವತ್ತು ವರ್ಷಗಳ ಕಾಲ ಒಂದು ಖಾನಾವಳಿ ನಡೆದಿತ್ತು.

ಧಾರವಾಡಕ್ಕೆ ಖಾನಾವಳಿ ಹೊಸದಲ್ಲ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, ಸ್ವಾತಂತ್ರ್ಯಾನಂತರ ಬಂದ ಕರ್ನಾಟಕ ವಿಶ್ವವಿದ್ಯಾಲಯ ಇವೆಲ್ಲ ಸುತ್ತಲಿನ ಜಿಲ್ಲೆಗಳ ಹುಡುಗರನ್ನು ಈ ಊರಿಗೆ ಕರೆತಂದವು. ಓದಲು ಬಂದವರು ಉಣ್ಣಲೂ ಬೇಕಲ್ಲ? ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪ ಅಕಾಲದಲ್ಲಿ ತೀರಿಕೊಂಡಾಗ, ನಮ್ಮ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಇಬ್ಬರು ವಿದ್ಯಾರ್ಥಿಗಳು ‘ನಮಗೂ ಎರಡು ರೊಟ್ಟಿ ಹಾಕ್ರಿ’ ಎಂದು ಕೇಳಿದರು. ಆ ಇಬ್ಬರು ಹತ್ತಾಗಿ, ಹತ್ತು ನಲವತ್ತಾಯಿತು. ಫಲಕವಿಲ್ಲ, ಹೆಸರಿಲ್ಲ, ‘ಅವ್ವನ ಖಾನಾವಳಿ’ ಎಂದರೆ ಓಣಿಯವರೆಲ್ಲ ದಾರಿ ತೋರಿಸುತ್ತಿದ್ದರು.

ನಸುಕಿನ ಐದಕ್ಕೆ ಒಲೆ ಹೊತ್ತುತ್ತಿತ್ತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಹಿಟ್ಟು ಹಳತಾದರೆ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಆದ್ದರಿಂದ ವಾರಕ್ಕೆ ಎರಡು ಸಲ ಗಿರಣಿಗೆ ಹೋಗುವುದು ಕಡ್ಡಾಯವಾಗಿತ್ತು. ಸುಗ್ಗಿ ಮುಗಿದು ಹಿಂಗಾರಿ ಜೋಳ ಪೇಟೆಗೆ ಬಂದಾಗ ಅವ್ವ ವರ್ಷಕ್ಕಾಗುವಷ್ಟನ್ನು ಕೊಂಡು, ಒಣಗಿಸಿ, ಬೇವಿನ ಸೊಪ್ಪು ಹಾಕಿ ಕಟ್ಟಿಡುತ್ತಿದ್ದಳು. ಮಳೆಗಾಲದಲ್ಲಿ ದರ ಏರಿದಾಗ ಬೇರೆಯವರು ರೊಟ್ಟಿ ಸಣ್ಣದು ಮಾಡಿದರೂ ಅವಳ ರೊಟ್ಟಿಯ ಅಳತೆ ಬದಲಾಗುತ್ತಿರಲಿಲ್ಲ. ಊಟದ ದರ ಏರಿಸುವುದಾದರೆ ಜೂನ್ ತಿಂಗಳಲ್ಲಿ, ಹೊಸ ಹುಡುಗರು ಬರುವ ಮುನ್ನವೇ ಹೇಳಿ ಏರಿಸುತ್ತಿದ್ದಳು. ‘ಹಸದು ಬಂದಾಂವನ ಹತ್ರ ಲೆಕ್ಕಾ ಕೇಳಬಾರ್ದು, ಉಂಡು ಎದ್ದಾಂವನ ಹತ್ರ ಬಿಡಬಾರ್ದು’ ಎಂಬುದು ಅವಳ ವ್ಯಾಪಾರದ ನೀತಿ.

ಒಮ್ಮೆ ದೊಡ್ಡ ಗ್ಯಾಸ್ ಒಲೆಗಾಗಿ ಸಾಲ ಕೇಳಲು ಬ್ಯಾಂಕೊಂದಕ್ಕೆ ಹೋದಳು. ಮನೆಯ ಗಂಡಸರ ಸಹಿ ಬೇಕೆಂದರು. ಆಗ ತಮ್ಮನಿಗೆ ಹನ್ನೆರಡು ವರ್ಷ. ಅವ್ವ ಏನೂ ಹೇಳದೆ ಹಿಂದಿರುಗಿ, ಓಣಿಯ ಹೆಂಗಸರ ಚೀಟಿಯಲ್ಲಿ ಹಣ ಎತ್ತಿ ಒಲೆ ತಂದಳು. ರಾಜ್ಯ ಸರ್ಕಾರದ ಉದ್ಯೋಗಿನಿ ಯೋಜನೆ ಬಂದದ್ದು 1997-98ರಲ್ಲಿ, ಸ್ತ್ರೀಶಕ್ತಿ 2000-01ರಲ್ಲಿ. ಆಧಾರವಿಲ್ಲದೆ ಸಾಲ ಕೊಡುವ ಮುದ್ರಾ ಯೋಜನೆ ಆರಂಭವಾದ 2015ರ ಹೊತ್ತಿಗೆ ಅವ್ವ ಒಲೆ ಆರಿಸಿ ಕೆಲವು ವರ್ಷಗಳಾಗಿದ್ದವು.

ಬ್ಯಾಂಕಿನವರನ್ನು ದೂರುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಯೂನಿಫಾರ್ಮಿಗೆ ಹೊಗೆ ಮತ್ತು ಒಗ್ಗರಣೆಯ ವಾಸನೆ ಅಂಟಿರುತ್ತಿತ್ತು. ಗೆಳತಿಯರು ನಗುತ್ತಿದ್ದರು. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಾಯಿಯ ಉದ್ಯೋಗ ಕೇಳಿದ್ದರು. ‘ಗೃಹಿಣಿ’ ಎಂದು ಬರೆದೆ. ಅರ್ಜಿಗೆ ಸಹಿ ಹಾಕುವಾಗ ಅವ್ವ ಅದನ್ನು ಓದಿದಳು. ನನ್ನ ಮುಖವನ್ನೊಮ್ಮೆ ನೋಡಿ ಸಹಿ ಹಾಕಿ, ಒಳಗೆ ಹೋದಳು. ಆ ಬಗ್ಗೆ ಆಕೆ ಮುಂದೆಂದೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವ್ವನ ಪೆಟ್ಟಿಗೆಯಲ್ಲಿ ಈಗ ಸಿಕ್ಕಿರುವುದು ಉದ್ದನೆಯ ಲೆಕ್ಕದ ಪುಸ್ತಕಗಳು. ಜೋಳ, ಶೇಂಗಾ, ಬದನೆಕಾಯಿ, ಸೀಮೆಎಣ್ಣೆ, ರೊಟ್ಟಿ ಬಡಿಯಲು ಬರುತ್ತಿದ್ದ ಇಬ್ಬರು ಹೆಂಗಸರಿಗೆ ನೂರು ರೊಟ್ಟಿಗೆ ಇಷ್ಟೆಂದು ಕೊಟ್ಟ ಕೂಲಿ, ಎಲ್ಲವೂ ಅದರಲ್ಲಿ ಇವೆ. ನಾನು ವಾಣಿಜ್ಯಶಾಸ್ತ್ರದ ಅಧ್ಯಾಪಕಿ. ಅಭ್ಯಾಸಬಲದಿಂದ ಒಂದು ವರ್ಷದ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿದೆ. ಖರ್ಚಿನ ಬದಿಯಲ್ಲಿ ಒಬ್ಬರ ಕೂಲಿ ಮಾತ್ರ ಇರಲಿಲ್ಲ. ಉಳಿದ ಹೆಂಗಸರಿಗೆ ಕೊಟ್ಟ ದರದಲ್ಲಿಯೇ ಅವ್ವನ ದುಡಿಮೆಗೂ ಕೂಲಿ ಹಿಡಿದರೆ, ಆ ವರ್ಷ ಖಾನಾವಳಿ ನಷ್ಟದಲ್ಲಿತ್ತು. ನಮ್ಮಿಬ್ಬರ ಶುಲ್ಕ ಕಟ್ಟಿದ ಹಣವನ್ನು ನಾವು ಇಷ್ಟು ಕಾಲ ಖಾನಾವಳಿಯ ಲಾಭವೆಂದು ತಿಳಿದಿದ್ದೆವು. ಅದು ಲಾಭವಾಗಿರಲಿಲ್ಲ, ಅವ್ವನ ಕೂಲಿಯಾಗಿತ್ತು, ಅದೂ ಪೂರ್ತಿ ಕೂಲಿಯಲ್ಲ.

ಇದು ಒಬ್ಬ ಅವ್ವನ ಕಥೆಯಷ್ಟೇ ಅಲ್ಲ. 2013-14ರ ಆರನೆಯ ಆರ್ಥಿಕ ಗಣತಿಯ ಪ್ರಕಾರ ದೇಶದ ಉದ್ದಿಮೆಗಳಲ್ಲಿ ಮಹಿಳೆಯರ ಒಡೆತನದಲ್ಲಿದ್ದವು ಶೇ 14ಕ್ಕಿಂತ ಕಡಿಮೆ. ಎಣಿಕೆಗೆ ಬಂದವರ ಸಂಖ್ಯೆ ಅದು. ಪಡಸಾಲೆಯ ಒಡತಿಯರು ಎಷ್ಟು ಜನ ಅದರಲ್ಲಿ ಸೇರಿದ್ದಾರು? 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ವ್ಯಯಿಸುವುದು 299 ನಿಮಿಷ, ಪುರುಷರು 97 ನಿಮಿಷ. ಮನೆಯಲ್ಲಿಯೇ ಉದ್ಯೋಗ ನಡೆಸುವವಳ ದಿನದಲ್ಲಿ ಮನೆಗೆಲಸ ಎಲ್ಲಿ ಮುಗಿದು ಉದ್ಯೋಗ ಎಲ್ಲಿ ಆರಂಭವಾಗುತ್ತದೆ ಎಂದು ಯಾವ ಗಡಿಯಾರವೂ ಹೇಳಲಾರದು. ನಲವತ್ತು ಜನರಿಗಾಗಿ ಮಾಡಿದ ಎಣ್ಣೆಗಾಯಿಯಲ್ಲಿ ನಮ್ಮದೂ ಇರುತ್ತಿತ್ತು.

1959ರಲ್ಲಿ ಮುಂಬೈಯ ಏಳು ಮಹಿಳೆಯರು ಎಂಬತ್ತು ರೂಪಾಯಿ ಸಾಲ ಪಡೆದು ಆರಂಭಿಸಿದ ಲಿಜ್ಜತ್ ಹಪ್ಪಳದ ಕಥೆ ಎಲ್ಲರಿಗೂ ಗೊತ್ತು. ಅವರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಆ ಸಂಸ್ಥೆಯ ಬೆಳವಣಿಗೆಯ ಬಗ್ಗೆ ನಾವು ಮಾತನಾಡುತ್ತೇವೆ. ಲಟ್ಟಿಸಿದ ಹಪ್ಪಳಕ್ಕೆ ತೂಕದ ಲೆಕ್ಕದಲ್ಲಿ ಪ್ರತಿ ಸದಸ್ಯೆಗೂ ಕೂಲಿ ಸಲ್ಲುತ್ತದೆ, ಆಮೇಲೆ ಲಾಭದ ಹಂಚಿಕೆ ಎಂಬ ಸರಳ ನಿಯಮ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಡತಿಯೂ ದುಡಿಯುವವಳೇ, ಅವಳ ಕೈಗೂ ಬೆಲೆಯಿದೆ ಎಂಬುದನ್ನು ಅಲ್ಲಿ ಲೆಕ್ಕದಲ್ಲಿಯೇ ಬರೆಯಲಾಗಿದೆ. ಅವ್ವನ ಪುಸ್ತಕದಲ್ಲಿ ಆ ಒಂದು ಸಾಲು ಇರಲಿಲ್ಲ.

ಈಗ ಜೋಳದ ರೊಟ್ಟಿಗೆ ಒಳ್ಳೆಯ ಕಾಲ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬಡವರ ಊಟವೆನಿಸಿದ್ದ ರೊಟ್ಟಿ ಬೆಂಗಳೂರಿನ ದೊಡ್ಡ ಹೋಟೆಲುಗಳ ಪಟ್ಟಿಗೂ ಏರಿದೆ. ರೊಟ್ಟಿಗೆ ಸಿಕ್ಕ ಮರ್ಯಾದೆಯಲ್ಲಿ ಒಂದಿಷ್ಟಾದರೂ ಅದನ್ನು ಬಡಿದ ಕೈಗಳಿಗೆ ಸಿಗಬೇಡವೇ?

ಆ ದಿನ ನಮೂನೆಯ ಕಾಲಂ ಸಣ್ಣದಿತ್ತು. ಕಾಕಾ ಕಾಯುತ್ತಿದ್ದರು. ನಾನು ‘ಖಾನಾವಳಿ, ಸ್ವಂತ’ ಎಂದು ಬರೆದೆ. ಮೂವತ್ತು ವರ್ಷಗಳ ಹಿಂದೆ ಬರೆಯಬೇಕಿದ್ದ ಉತ್ತರ ಅದು. ಓದಿ ಸಹಿ ಹಾಕಲು ಅವ್ವ ಇರಲಿಲ್ಲ.