ಡಿ ಡ್ರೈವ್‌ಗೆ ಎತ್ತಿಟ್ಟರೆ ಸಾಕೇ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಟೆಂಡರ್. ಲಾಟಿನ ಮುಂದೆ ನಿಂತು ಕಾಯಿಯ ಬಣ್ಣ, ಒಣಗು ನೋಡುವ ಖರೀದಿದಾರ ದರ ಹಾಕುವುದು ಆನ್‌ಲೈನ್‌ನಲ್ಲಿ. ದರ ಘೋಷಣೆಯಾಗಿ ತೂಕ ಮುಗಿದ ಮೇಲೆ ದಲಾಲಿ ಅಂಗಡಿಯ ಲೆಕ್ಕ ಇಳಿಯುವುದೂ ಕಂಪ್ಯೂಟರಿಗೇ. ಜನವರಿಯಿಂದ ಆವಕ ಏರುತ್ತದೆ, ಅದು ಇಳಿಯುವ ಮೊದಲೇ ಮಾರ್ಚ್ 31 ಬಂದು ಲೆಕ್ಕದ ವರ್ಷ ಮುಗಿಯುತ್ತದೆ. ಇಂಥ ಊರಿನಲ್ಲಿ ಯಂತ್ರ ನಿಧಾನವಾಯಿತೆಂದು ವಿಂಡೋಸ್ ಹೊಸದಾಗಿ ಹಾಕಿಸುವುದು ಸಣ್ಣ ಕೆಲಸವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಇವತ್ತಲ್ಲ ನಾಳೆ ಬಹಳ ಅಂಗಡಿಗಳು ಈ ಕೆಲಸ ಮಾಡಿಸಲೇಬೇಕು.

ರಿಪೇರಿಗೆ ಕೊಟ್ಟಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸಿ ಡ್ರೈವ್‌ನಾಗ ಏನಾರ ಇದ್ರ ಡಿಗೆ ಹಾಕ್ಕೋರಿ." ಫೋಟೊ, ವರ್ಡ್ ಕಡತ, ಎಕ್ಸೆಲ್ ಪಟ್ಟಿಗಳು ಹೀಗೆ ಉಳಿಯುತ್ತವೆ. ಅಷ್ಟನ್ನೇ ಎತ್ತಿಟ್ಟವರು ಮರುದಿನ ಕೆಲಸಕ್ಕೆ ಕೂತಾಗ ಅರ್ಧ ಯಂತ್ರವೇ ಕಳೆದುಹೋದಂತಾಗುತ್ತದೆ. ಕಾರಣ, ಒಂದು ತಂತ್ರಾಂಶ ಒಂದೇ ಕಡೆ ಇರುವುದಿಲ್ಲ.

ಅದರ ಮುಖ್ಯ ಭಾಗ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿರುತ್ತದೆ. ನೀವು ಮಾಡಿಕೊಂಡ ಸೆಟ್ಟಿಂಗ್‌ಗಳು ಬಳಕೆದಾರನ ಹೆಸರಿನ ಫೋಲ್ಡರಿನೊಳಗೆ, ಕಣ್ಣಿಗೆ ಬೀಳದಂತೆ ಮರೆಮಾಡಿದ ಆ್ಯಪ್‌ಡೇಟಾದಲ್ಲಿ ಕೂತಿರುತ್ತವೆ. ಇನ್ನಷ್ಟು ವಿವರ ರಿಜಿಸ್ಟ್ರಿಯಲ್ಲಿರುತ್ತದೆ. ವಿಂಡೋಸ್ 95ರ ಕಾಲದಿಂದ ಯಾವ ತಂತ್ರಾಂಶ ಎಲ್ಲಿದೆ, ಯಾವ ಕಡತವನ್ನು ಯಾವುದು ತೆರೆಯಬೇಕು ಎಂಬುದನ್ನೆಲ್ಲ ದಾಖಲಿಸಿಕೊಳ್ಳುತ್ತ ಬಂದಿರುವ ದೊಡ್ಡ ದಾಖಲೆ ಭಂಡಾರವಿದು. ಹಾಗಾಗಿ ಪ್ರೋಗ್ರಾಂ ಫೈಲ್ಸ್ ಪೂರ್ತಿ ನಕಲು ಮಾಡಿಕೊಂಡರೂ ಹೊಸ ವಿಂಡೋಸ್‌ನಲ್ಲಿ ಬಹುಪಾಲು ತಂತ್ರಾಂಶಗಳು ಏಳುವುದಿಲ್ಲ. ಮಡಿಯಲ್ಲಿನ ಮೆಣಸಿನ ಸಸಿಯನ್ನು ಬೇರು ಬಿಟ್ಟು ಕಿತ್ತು ತಂದು ಹೊಲದಲ್ಲಿ ನೆಟ್ಟ ಹಾಗೆ.

ಹಾಗಾದರೆ ತಂತ್ರಾಂಶವನ್ನೇ ಎತ್ತಿಡುವ ಗೋಜು ಬೇಡ, ಅದು ಮತ್ತೆ ಸಿಗುತ್ತದೆ. ಯಾವ್ಯಾವುದು ಇದೆ ಎಂಬ ಪಟ್ಟಿ ಇದ್ದರಾಯಿತು. ವಿಂಡೋಸ್‌ನಲ್ಲಿರುವ ವಿನ್‌ಗೆಟ್ ಎಂಬ ಸೌಲಭ್ಯ ಆ ಪಟ್ಟಿಯನ್ನು ಬರೆದುಕೊಟ್ಟು, ಅದಕ್ಕೆ ಗುರುತಿರುವ ತಂತ್ರಾಂಶಗಳನ್ನು ಆಮೇಲೆ ಒಟ್ಟಿಗೆ ಇಳಿಸಿಯೂ ಕೊಡುತ್ತದೆ. ಹೋದರೆ ಮತ್ತೆ ಸಿಗದೇ ಇರುವುದು ನೀವು ಕೂಡಿಸಿಕೊಂಡದ್ದು.

ದಲಾಲಿ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಟ್ಯಾಲಿ. ಒಂದೊಂದು ಕಂಪನಿಯ ಲೆಕ್ಕವೂ ಬರೀ ಅಂಕಿಗಳ ಹೆಸರಿನ ಒಂದೊಂದು ಫೋಲ್ಡರಿನಲ್ಲಿರುತ್ತದೆ, ಆ ಫೋಲ್ಡರ್‌ಗಳು ಬಹಳ ಸಲ ಸಿ ಡ್ರೈವ್‌ನಲ್ಲೇ ಇರುತ್ತವೆ. ಎಲ್ಲಿವೆ ಎಂಬುದನ್ನು ಟ್ಯಾಲಿಯೊಳಗೇ ನೋಡಿಕೊಂಡು, ಅದರದೇ ಬ್ಯಾಕಪ್ ಆಯ್ಕೆಯಿಂದ ಪ್ರತಿ ತೆಗೆಯಬೇಕು. ಲೈಸೆನ್ಸ್ ಆ ಯಂತ್ರಕ್ಕೇ ಕಟ್ಟಿಕೊಂಡಿರುತ್ತದೆ, ಫಾರ್ಮ್ಯಾಟ್‌ಗೆ ಮೊದಲು ಅದನ್ನು ಸರೆಂಡರ್ ಮಾಡಿದರೆ ಮುಂದಿನ ತಕರಾರು ತಪ್ಪುತ್ತದೆ. ಪಟ್ಟಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದವರು ಕಾಗದದ ಅಳತೆ ಬರೆದಿಟ್ಟುಕೊಳ್ಳಿ. ನಾವು ಸೇರಿಸಿದ ಅಳತೆ ರಿಜಿಸ್ಟ್ರಿಯಲ್ಲಿರುತ್ತದೆ, ಫಾರ್ಮ್ಯಾಟ್ ಆದಾಗ ಅದೂ ಹೋಗುತ್ತದೆ.

ಇನ್ನು ಫಾಂಟ್. ಕನ್ನಡದವರಿಗೆ ಇದರಷ್ಟು ದೊಡ್ಡ ನಷ್ಟ ಇನ್ನೊಂದಿಲ್ಲ, ಬೇರೆ ಕಡೆಯವರು ಬರೆದ ಬ್ಯಾಕಪ್ ಸಲಹೆಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳು. ಅವಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಅದು ಅಳಿಸಿಹೋದರೆ ಅದೇ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ, ದಯವಿಟ್ಟು ಅಳಿಸಬೇಡಿ. ಯೂನಿಕೋಡ್‌ನಲ್ಲಿ ಬರೆದದ್ದಕ್ಕೆ ಈ ಭಯವಿಲ್ಲ. ಅಲ್ಲಿ ಕನ್ನಡಕ್ಕೇ 128 ಸಂಕೇತಗಳ ಜಾಗವಿದೆ, ಹೊಸ ವಿಂಡೋಸ್‌ನ ಜೊತೆ ಬರುವ ನಿರ್ಮಲಾ ಫಾಂಟ್ ಅದನ್ನು ತೋರಿಸುತ್ತದೆ.

ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದರ ಕಚೇರಿ ಕಾಗದಗಳು ಕಂಪ್ಯೂಟರಿಗೆ ಇಳಿದದ್ದೇ ಇಂಥ ಫಾಂಟ್‌ಗಳ ಕಾಲದಲ್ಲಿ. ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೇಬೆನ್ನೂರಿನಂಥ ಪೇಟೆಯ ಡಿಟಿಪಿ ಅಂಗಡಿಗಂತೂ ಲಗ್ನಪತ್ರಿಕೆ, ಲೇಬಲ್, ಕರಪತ್ರಗಳ ಹಳೆಯ ಕಡತಗಳೇ ಬಂಡವಾಳ. ಅಂಥವರು ವಿಂಡೋಸ್‌ನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು. ನುಡಿ, ಶ್ರೀಲಿಪಿಗಳ ಯಾವ ಆವೃತ್ತಿ, ಯಾವ ಕೀಲಿಮಣೆ ವಿನ್ಯಾಸ ಎಂದೂ ಬರೆದಿಟ್ಟುಕೊಳ್ಳಬೇಕು. ಕೋರೆಲ್‌ಡ್ರಾದ ವರ್ಕ್‌ಸ್ಪೇಸನ್ನು ಅದರೊಳಗಿಂದಲೇ ಎಕ್ಸ್‌ಪೋರ್ಟ್ ಮಾಡಬಹುದು. ವರ್ಡ್‌ಗೆ ನೀವು ಕಲಿಸಿದ ಪದಗಳ ನಿಘಂಟು ಮತ್ತು ಮಾದರಿ ಪುಟಗಳು ಇರುವುದು ಮಾತ್ರ ಆ ಮರೆಯಾದ ಆ್ಯಪ್‌ಡೇಟಾದಲ್ಲಿ.

ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳದು ಬೇರೆಯೇ ಲೆಕ್ಕ. ಅವುಗಳ ಗೂಢಲಿಪಿ ಸಾಮಾನ್ಯವಾಗಿ ಹಳೆಯ ವಿಂಡೋಸ್‌ನ ಬಳಕೆದಾರ ಖಾತೆಗೆ ಅಂಟಿಕೊಂಡಿರುವುದರಿಂದ ಫೋಲ್ಡರ್ ನಕಲು ಮಾಡಿ ತಂದರೂ ಹೊಸದರಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಸಿಂಕ್ ಮಾಡಿ, ಇಲ್ಲವೇ ಎಕ್ಸ್‌ಪೋರ್ಟ್ ಮಾಡಿ. ಎಕ್ಸ್‌ಪೋರ್ಟ್ ಆದ ಕಡತವನ್ನು ಯಾರು ಬೇಕಾದರೂ ಓದಬಹುದು, ಕೆಲಸವಾದ ಕೂಡಲೇ ಅಳಿಸಿಬಿಡಿ. ಲ್ಯಾಪ್‌ಟಾಪ್‌ಗೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯೂ ಕೈಯಲ್ಲಿರಲಿ.

ಡಿ ಡ್ರೈವ್ ಎನ್ನುವುದು ಬಹಳ ಯಂತ್ರಗಳಲ್ಲಿ ಅದೇ ಡಿಸ್ಕಿನ ಇನ್ನೊಂದು ಭಾಗ. ಡಿಸ್ಕ್ ಕೆಟ್ಟರೆ, ಹೊಸದಾಗಿ ಹಾಕುವಾಗ ತಪ್ಪು ಭಾಗ ಅಳಿಸಿದರೆ ಎರಡೂ ಹೋಗುತ್ತವೆ. ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಬೇಕು, ಇನ್ನೊಂದು ಮನೆಯಲ್ಲೋ ಕ್ಲೌಡ್‌ನಲ್ಲೋ ಇರಬೇಕು. 2024ರ ಮಾರ್ಚ್ 11ರಂದು ದರ ಕುಸಿದು ರೈತರು ಸಿಟ್ಟಿಗೆದ್ದಾಗ ಬ್ಯಾಡಗಿ ಎಪಿಎಂಸಿಯಲ್ಲಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಕಂಪ್ಯೂಟರ್ ಮತ್ತು ಅದರ ಬ್ಯಾಕಪ್ ಒಂದೇ ಮೇಜಿನಲ್ಲಿದ್ದರೆ ಅಂಥ ದಿನ ಎರಡೂ ಉಳಿಯುವುದಿಲ್ಲ.

ಪ್ರತಿ ತೆಗೆದಾಯಿತೆಂದು ಕೂಡಲೇ ಫಾರ್ಮ್ಯಾಟ್‌ಗೆ ಒಪ್ಪಬೇಡಿ. ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ಒಂದು ಟ್ಯಾಲಿ ಬ್ಯಾಕಪ್ ರಿಸ್ಟೋರ್ ಮಾಡಿ, ಒಂದು ಹಳೆಯ ನುಡಿ ಕಡತ ತೆರೆದು ನೋಡಿ. ಇಷ್ಟಾದ ಮೇಲೂ ಏನೋ ಬಿಟ್ಟುಹೋಯಿತು ಎನಿಸಿದರೆ, ಡ್ರೈವ್ ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೇ ವಿಂಡೋಸ್ ಹಾಕಿಸಿದ್ದವರು ಸಿ ಡ್ರೈವ್‌ನಲ್ಲಿ ವಿಂಡೋಸ್ ಓಲ್ಡ್ ಎಂಬ ಫೋಲ್ಡರ್ ಹುಡುಕಬಹುದು. ಹಳೆಯ ಆ್ಯಪ್‌ಡೇಟಾ, ಫಾಂಟ್‌ಗಳು ಅದರೊಳಗಿರುತ್ತವೆ. ಸಾಮಾನ್ಯವಾಗಿ 10 ದಿನಕ್ಕೆ ವಿಂಡೋಸ್ ಅದನ್ನು ತಾನಾಗಿಯೇ ಅಳಿಸುತ್ತದೆ.